ಡ್ರಾಯರಿನಲ್ಲಿದ್ದ ನಿಜವಾದ ಗುಂಡು

14 ಜೂನ್ 2025, ಶನಿವಾರ

ನಾಯೋ ಮಾರ್ಷ್ ಬರೆದ 'ಎಂಟರ್ ಎ ಮರ್ಡರರ್' ಇವತ್ತು ಮತ್ತೆ ಓದಿ ಮುಗಿಸಿದೆ. 1935ರ ಕಾದಂಬರಿ. ಕೊಲೆಗಾರ ಯಾರು ಅಂತ ಗೊತ್ತಿದ್ದರೂ ಆ ಗುಂಡಿನ ದೃಶ್ಯವನ್ನು ಉಸಿರು ಬಿಗಿಹಿಡಿದೇ ಓದಿದೆ.

ಲಂಡನ್ನಿನ ಒಂದು ಥಿಯೇಟರ್. ನಾಟಕದಲ್ಲಿ ಒಬ್ಬ ನಟ ಮೇಜಿನ ಡ್ರಾಯರ್ ಎಳೆದು, ಗುಂಡು ತೆಗೆದು ರಿವಾಲ್ವರಿಗೆ ತುಂಬುತ್ತಾನೆ, ಇನ್ನೊಬ್ಬ ಅದನ್ನು ಕಸಿದುಕೊಂಡು ಹಾರಿಸುತ್ತಾನೆ, ಮೊದಲಿನವನು ಬೀಳಬೇಕು. ದಿನಾ ಬೀಳುತ್ತಿದ್ದ. ಅವತ್ತು ಡ್ರಾಯರಿನಲ್ಲಿ ಸುಳ್ಳು ಗುಂಡಿನ ಜಾಗದಲ್ಲಿ ನಿಜವಾದ ಗುಂಡು ಇತ್ತು. ಸಾಯುವವನೇ ತನ್ನ ಕೈಯಾರೆ, ಅಷ್ಟೂ ಜನರ ಎದುರು, ಆ ಗುಂಡು ತುಂಬುತ್ತಾನಲ್ಲ, ಇದಕ್ಕಿಂತ ಭಯ ಹುಟ್ಟಿಸುವ ಕೊಲೆಯನ್ನು ನಾನು ಓದಿಲ್ಲ. ಪತ್ತೇದಾರ ಆಲೆನ್ ಕೂಡ ಪ್ರೇಕ್ಷಕರ ನಡುವೆಯೇ ಕೂತಿದ್ದಾನೆ!

ಆ ಕಾಲದ ಪತ್ತೇದಾರಿ ಕಥೆಗಳಲ್ಲಿ ಹಳ್ಳಿಯ ಬಂಗಲೆ, ರೈಲು ಜಾಸ್ತಿ. ನನಗೆ ಮಾತ್ರ ಅಂಥ ಕಥೆಗೆ ನಾಟಕಮಂದಿರವೇ ಸರಿಯಾದ ಜಾಗ ಅನಿಸುತ್ತದೆ. ಬಂಗಲೆಯಲ್ಲಿ ಹತ್ತೂಕಾಲಿಗೆ ಎಲ್ಲಿದ್ದೆ ಅಂತ ಕೇಳಿದರೆ ಸುಮ್ನೆ 'ನೆನಪಿಲ್ಲ' ಅಂದುಬಿಡಬಹುದು. ಇಲ್ಲಿ ಹಾಗಾಗುವುದಿಲ್ಲ. ಪ್ರಾಂಪ್ಟರ್ (ನಟರು ಮಾತು ಮರೆತರೆ ಮರೆಯಿಂದ ಹೇಳಿಕೊಡುವವನು) ಕೈಯಲ್ಲಿರುವ ನಾಟಕದ ಪ್ರತಿಯಲ್ಲಿ ಯಾವ ಮಾತಿಗೆ ಯಾರು ಒಳಗೆ ಬರಬೇಕು, ದೀಪ ಯಾವಾಗ ಆರಬೇಕು ಎಲ್ಲಾ ಬರೆದಿರುತ್ತದೆ. ಯಾರಾದರೂ ತಡವಾಗಿ ಬಂದರೆ ಪ್ರೇಕ್ಷಕರಿಗೇ ಗೊತ್ತಾಗುತ್ತದೆ. ಹಾಗಾಗಿ ಕೊಲೆಗಾರನಿಗೆ ಸಿಗುವುದು ಎರಡು ಪ್ರವೇಶಗಳ ನಡುವಿನ ಚೂರು ಬಿಡುವು, ಸೈಡ್ ವಿಂಗಿನ ಕತ್ತಲು, ದೃಶ್ಯ ಬದಲಾಗುವಾಗ ದೀಪ ಆರಿಸಿದ ಸ್ವಲ್ಪ ಹೊತ್ತು, ಅಷ್ಟೇ. ಅದೇ ಲೆಕ್ಕ ಓದುಗರ ಕೈಗೂ ಸಿಗುತ್ತದೆ.

ಅದರ ಮೇಲೆ, ಅನುಮಾನ ಬರುವವರೆಲ್ಲ ನಟರು. ಅಳುವುದು, ಬೆಚ್ಚಿಬೀಳುವುದು ಅವರ ಕಸುಬೇ ಅಲ್ವಾ? ವಿಚಾರಣೆಯಲ್ಲಿ ನಾಯಕಿ ಕಣ್ಣೀರು ಹಾಕಿದರೆ ಹೇಗೆ ನಂಬುವುದು? (ಮಧ್ಯದಲ್ಲಿ ವಿಚಾರಣೆ ತುಸು ಎಳೆದ ಹಾಗಿದೆ, ಅಲ್ಲಿ ಬೇಗ ಪುಟ ತಿರುಗಿಸಿದೆ.)

ಮಾರ್ಷ್‌ಗೆ ಇದೆಲ್ಲ ಕೇಳಿ ತಿಳಿದದ್ದಲ್ಲ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನವರು. ಕಾದಂಬರಿ ಬರೆಯುವ ಮೊದಲೇ ಅಲನ್ ವಿಲ್ಕಿಯ ಷೇಕ್ಸ್‌ಪಿಯರ್ ಕಂಪನಿಯಲ್ಲಿ ಪಾತ್ರ ಮಾಡುತ್ತಾ ಊರೂರು ತಿರುಗಿದವರು, ಮುಂದೆ ಕಾಲೇಜು ಹುಡುಗರಿಂದ ಷೇಕ್ಸ್‌ಪಿಯರ್ ನಾಟಕ ಆಡಿಸಿದವರು. 1937ರ 'ವಿಂಟೇಜ್ ಮರ್ಡರ್'ನಲ್ಲಿ ಅಂಥದೇ ಒಂದು ತಿರುಗುವ ಕಂಪನಿ ಇದೆ. ಆಟ ಮುಗಿದ ಮೇಲೆ ರಂಗದ ಮೇಲೇ ನಾಯಕಿಯ ಹುಟ್ಟುಹಬ್ಬದ ಊಟ, ಮೇಲಿಂದ ಹಗ್ಗದಲ್ಲಿ ದೊಡ್ಡ ಶಾಂಪೇನ್ ಬಾಟಲಿ ಮೆಲ್ಲಗೆ ಇಳಿಯಬೇಕು. ಹಗ್ಗದ ಇನ್ನೊಂದು ತುದಿಗೆ ಕಟ್ಟಿದ ಭಾರವನ್ನು ಯಾರೋ ಬಿಚ್ಚಿದ್ದಾರೆ. ಬಾಟಲಿ ನೇರ ಅವಳ ಗಂಡನ ತಲೆಗೆ.

ನಾಳೆಯಿಂದ ಅದನ್ನೇ ಮತ್ತೆ ಹಿಡಿಯುತ್ತೇನೆ, ಯಾರು ಯಾವಾಗ ಮೇಲೆ ಹತ್ತಬಹುದಿತ್ತು ಅಂತ ಈ ಸಲ ಪಕ್ಕದಲ್ಲಿ ಬರೆದುಕೊಳ್ಳುತ್ತಾ.