ಕಟಾವು ಮಷಿನ್ ಗದ್ದೆಗೆ ಇಳಿಯುವ ಮೊದಲು

ಚಿತ್ತೆ ಮಳೆ ಮುಗಿದು ಸ್ವಾತಿ ಹಿಡಿಯುವ ಹೊತ್ತಿಗೆ ಅಂಕೋಲಾ, ಕುಮಟಾ, ಹೊನ್ನಾವರದ ಕಡೆ ಭತ್ತ ಹಣ್ಣಾಗಿರುತ್ತದೆ, ಆಳು ಸಿಗುವುದಿಲ್ಲ, ಊರಿನವರೆಲ್ಲ ಒಂದೇ ಮಷಿನ್ನಿಗೆ ಫೋನು ಮಾಡುತ್ತಿರುತ್ತಾರೆ. ಬಾಡಿಗೆ ಗಂಟೆ ಲೆಕ್ಕದ್ದು. ಗದ್ದೆಯಲ್ಲಿ ಕಾಳು ಉದುರಿದರೆ ಡ್ರೈವರನ್ನು ಬೈಯುತ್ತೇವೆ. ಆದರೆ ನಷ್ಟದ ದೊಡ್ಡ ಪಾಲು ಗದ್ದೆಯ ನೀರು ಬಿಡುವ ದಿನವೇ ನಿಶ್ಚಯವಾಗಿರುತ್ತದೆ.

ಕೊಯ್ಲಿಗೆ 10ರಿಂದ 15 ದಿನ ಮೊದಲು ಗದ್ದೆಯ ನೀರನ್ನು ಹೊರಗೆ ಬಿಡಬೇಕು. ಕೆಳಗಿನ ಗದ್ದೆಯ ಬಾಯಿಯನ್ನು ಮೊದಲು ಒಡೆಯಿರಿ, ಇಲ್ಲವಾದರೆ ಮೇಲಿನ ಗದ್ದೆಯ ನೀರೆಲ್ಲ ಅಲ್ಲೇ ಬಂದು ನಿಲ್ಲುತ್ತದೆ. ಗುಡ್ಡದ ಬುಡದ ಗದ್ದೆಯಾದರೆ ಇಷ್ಟು ಸಾಲದು. ಒರತೆ ಒಳಗಿಂದ ಜಿನುಗುತ್ತಲೇ ಇರುತ್ತದೆ. ಗುಡ್ಡದ ಕಡೆಯ ಹಾಳಿಗೆ (ಬದುವಿಗೆ) ತಾಗಿ ಗುದ್ದಲಿ ಅಗಲದ ಕಾಲುವೆ ತೋಡಿ ಆ ನೀರನ್ನು ಹೊರಗೆ ಹಾಕಿ. ಮಷಿನ್ ಬರುವ ಹಿಂದಿನ ದಿನ ಬರಿಗಾಲಲ್ಲಿ ಗದ್ದೆ ಸುತ್ತಿ ಬನ್ನಿ. ಹಿಮ್ಮಡಿಯ ಗುರುತು ಮಾತ್ರ ಮೂಡಿದರೆ ಚಿಂತೆಯಿಲ್ಲ. ಪಾದ ಪೂರ್ತಿ ಹೂತು ಮೇಲೆ ನೀರು ಕಂಡರೆ ಮಷಿನ್ ಮುಂದೂಡುವುದೇ ಲಾಭ. ಮೂರು ಟನ್ ಆಸುಪಾಸಿನ ಯಂತ್ರ ತುಳಿದ ಹೊಂಡ ಮುಂದಿನ ವರ್ಷದ ನಾಟಿಯಲ್ಲೂ ಕಾಡುತ್ತದೆ.

ಕರಾವಳಿಯ ಗದ್ದೆಗೆ ರಬ್ಬರ್ ಬೆಲ್ಟಿನ ಮಷಿನ್ನೇ ಬೇಕು, ಅದರ ಭಾರ ಉದ್ದಕ್ಕೂ ಹಂಚಿಹೋಗುತ್ತದೆ. ಟೈರಿನದು ಬನವಾಸಿ, ಮುಂಡಗೋಡದಂಥ ಬಯಲಿನ ಗಟ್ಟಿ ಗದ್ದೆಗೆ ಸರಿ. ಅಘನಾಶಿನಿ ನದಿಯ ಗಜನಿಗೆ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗೆ, ಎರಡೂ ಆಗುವುದಿಲ್ಲ. ಅಲ್ಲಿನ ಜೇಡಿ ನೀರಿಳಿದರೂ ಗಟ್ಟಿಯಾಗದು. ಅಲ್ಲಿ ಬೆಳೆಯುವ, ಉಪ್ಪು ತಾಳುವ ಕಗ್ಗ ಭತ್ತಕ್ಕೆ ಇಂದಿಗೂ ಕತ್ತಿಯೇ ಗತಿ.

ಬೆಲ್ಟ್ ಮಷಿನ್ ಡಾಂಬರಿನ ಮೇಲೆ ದೂರ ಓಡಬಾರದು, ರಬ್ಬರ್ ಸವೆಯುತ್ತದೆ. ಅದಕ್ಕೇ ಲಾರಿ ಮೇಲೆ ಬರುತ್ತದೆ. ಲಾರಿ ನಿಂತು ಹಲಗೆ ಚಾಚಿ ಇಳಿಸಲು ಸಮತಟ್ಟಾದ ಜಾಗ ಎಲ್ಲಿದೆ ಎಂದು ಮೊದಲೇ ನೋಡಿಡಿ. ನಡುವೆ ಹಳ್ಳ ಅಡ್ಡ ಬಂದರೆ ಕಾಲುಸಂಕವನ್ನು ನಂಬಬೇಡಿ, ಅದು ಮನುಷ್ಯರಿಗೆ ಕಟ್ಟಿದ್ದು. ಗದ್ದೆಯಿಂದ ಗದ್ದೆಗೆ ದಾಟುವಾಗ ಹಾಳಿಯನ್ನು ಕಡಿದು ಇಳಿಜಾರು ಮಾಡಿ, ನೇರಕ್ಕೆ ದಾಟಿಸಿ. ಓರೆಯಾಗಿ ಹತ್ತಿಸಿದರೆ ಬೆಲ್ಟ್ ರೋಲರಿನಿಂದ ಕಳಚಿಕೊಳ್ಳುತ್ತದೆ, ಕೆಸರಲ್ಲಿ ಅದನ್ನು ಮತ್ತೆ ಕೂರಿಸುವುದರಲ್ಲಿ ಅರ್ಧ ದಿನ ಹೋಗುತ್ತದೆ. ನಾಲ್ಕು ಮೂಲೆಗಳನ್ನೂ ಮಷಿನ್ ತಿರುಗುವಷ್ಟು ಕೈಯಲ್ಲಿ ಕೊಯ್ದಿಡಿ. ಚಿಕ್ಕ ಗದ್ದೆಯಲ್ಲಿ ಸಮಯ ಉಳಿಯುವುದು ಇದರಿಂದಲೇ.

ಬೇರೆ ಊರಿನಲ್ಲಿ ಕೊಯ್ದು ಬಂದ ಮಷಿನ್ನನ್ನು ಹಾಗೇ ಇಳಿಸಬೇಡಿ. ಟ್ಯಾಂಕು ಬರಿದು ಮಾಡಿಸಿ, ಎರಡು ನಿಮಿಷ ಖಾಲಿ ಓಡಿಸಿ. ಬೀಜಕ್ಕೆ ಇಡುವ ಭತ್ತದಲ್ಲಿ ಬೇರೆ ತಳಿ ಬೆರೆಯುವುದು ಹೆಚ್ಚಾಗಿ ಹೀಗೆಯೇ.

ಇಬ್ಬನಿ ಆರುವ ಮೊದಲು ಶುರು ಮಾಡಬಾರದು. ಒದ್ದೆ ಹುಲ್ಲು ಕಾಳು ಬಿಡಿಸುವ ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ, ಜರಡಿ ಮೆತ್ತಿಕೊಂಡು ಒಳ್ಳೆ ಕಾಳು ಹುಲ್ಲಿನ ಜೊತೆ ಹಿಂದಕ್ಕೆ ಹೋಗುತ್ತದೆ. ಪೈರು ಮಲಗಿದ್ದರೆ ಅದು ಬಾಗಿದ ದಿಕ್ಕಿಗೆ ಎದುರಾಗಿ, ರೀಲ್ (ಪೈರನ್ನು ಒಳಗೆ ಎಳೆಯುವ ಮುಂದಿನ ಚಕ್ರ) ತಗ್ಗಿಸಿ, ನಿಧಾನ ಹೋಗಲಿ. ರೀಲ್ ಅತಿ ಜೋರಾದರೆ ತೆನೆಗೆ ಬಡಿದು ಕಾಳು ಅಲ್ಲೇ ಉದುರುತ್ತದೆ.

ಮೊದಲ ಸುತ್ತಿನಲ್ಲೇ ನಿಲ್ಲಿಸಿ ನೋಡಿ. ಟ್ಯಾಂಕಿನಲ್ಲಿ ಮುರಿದ ಕಾಳು, ಸಿಪ್ಪೆ ಬಿಟ್ಟ ಅಕ್ಕಿ ಕಂಡರೆ ಡ್ರಮ್ಮಿನ ವೇಗ ಹೆಚ್ಚು. ತೆನೆಯಲ್ಲೇ ಕಾಳು ಉಳಿದಿದ್ದರೆ ವೇಗ ಕಮ್ಮಿ. ಜೊಳ್ಳು ತುಂಬಿದ್ದರೆ ಫ್ಯಾನಿನ ಗಾಳಿ ಸಾಲದು, ಗಟ್ಟಿ ಕಾಳು ಹಿಂದೆ ಬಿದ್ದರೆ ಗಾಳಿ ಹೆಚ್ಚಾಗಿದೆ ಅಥವಾ ಗಾಡಿ ತೀರಾ ಜೋರಾಗಿ ಓಡುತ್ತಿದೆ. ಲೆಕ್ಕ ಬೇಕೆಂದರೆ ಮಷಿನ್ ಹೋದ ಜಾಡಿನ ಅಡ್ಡಕ್ಕೆ ನಾಲ್ಕೈದು ಕಡೆ ಒಂದು ಚದರ ಅಡಿ ಗೆರೆ ಎಳೆದು, ಹುಲ್ಲು ಸರಿಸಿ ಕಾಳು ಎಣಿಸಿ ಸರಾಸರಿ ತೆಗೆಯಿರಿ. ಸಾವಿರ ಕಾಳು 25 ಗ್ರಾಂ ತೂಗುವ ಭತ್ತವಾದರೆ, ಚದರ ಅಡಿಗೆ ಒಂದು ಕಾಳು ಎಂದರೆ ಎಕರೆಗೆ ಸುಮಾರು 1 ಕೆಜಿ. ಇಪ್ಪತ್ತು ಕಾಳು ಸಿಕ್ಕರೆ ಎಕರೆಗೆ ಇಪ್ಪತ್ತು ಕೆಜಿಯ ಮೇಲೆ ಮಣ್ಣುಪಾಲು. ಈ ಲೆಕ್ಕ ಕಣ್ಣೆದುರು ಹೇಳಿದರೆ ಡ್ರೈವರ್ ತಾನಾಗಿಯೇ ಗೇರ್ ಇಳಿಸುತ್ತಾನೆ.

ಈಗ ಸಾಗಾಟ. ಹಸಿ ಭತ್ತದ ಚೀಲ 60 ಕೆಜಿ ತೂಗಿದರೆ, 750 ಕೆಜಿ ಸಾಮರ್ಥ್ಯದ ಟಾಟಾ ಏಸ್‌ಗೆ ಹನ್ನೆರಡೇ ಚೀಲ. ಇಪ್ಪತ್ತು ಹೇರಿಕೊಂಡು ದೇವಿಮನೆ ಘಾಟಿ ಇಳಿದರೆ ಬ್ರೇಕ್ ಕಾದು ಹಿಡಿತ ತಪ್ಪುತ್ತದೆ. ಇಳಿಜಾರು ಶುರುವಾಗುವ ಮೊದಲೇ ಕೆಳ ಗೇರಿಗೆ ಹಾಕಿ, ಎಂಜಿನ್ನೇ ಗಾಡಿಯನ್ನು ಹಿಡಿಯಲಿ. ತಾಡಪಾಲು ಮಳೆ ಬಂದರೆ ಮಾತ್ರ. ಬಿಗಿದು ಮುಚ್ಚಿದ ಹಸಿ ಭತ್ತ ಒಳಗೇ ಬೇಯುತ್ತದೆ.

ಮಷಿನ್ ಭತ್ತದಲ್ಲಿ ತೇವ ಶೇಕಡಾ 20 ದಾಟಿರುವುದೇ ಹೆಚ್ಚು. ಚೀಲದಲ್ಲಿ ಒಂದು ರಾತ್ರಿ ಬಿಟ್ಟರೂ ಕೈ ಹಾಕಿದಾಗ ಬಿಸಿ ತಾಗುತ್ತದೆ, ಆಮೇಲೆ ಅಕ್ಕಿ ಹಳದಿಯಾಗುತ್ತದೆ. ಬಂದ ಸಂಜೆಯೇ ಅಂಗಳದಲ್ಲಿ, ಮಳೆಯಿದ್ದರೆ ಜಗಲಿಯಲ್ಲಿ ಎರಡು ಇಂಚು ದಪ್ಪಕ್ಕೆ ಹರವಿ. ಮರುದಿನ ಬಿಸಿಲಲ್ಲಿ ಅರ್ಧ ಗಂಟೆಗೊಮ್ಮೆ ಕೈಯಾಡಿಸಿ, ಸುಡು ಮಧ್ಯಾಹ್ನ ರಾಶಿ ಮಾಡಿ ಮುಚ್ಚಿ. ಒಮ್ಮೆಲೇ ಒಣಗಿದ ಕಾಳು ಒಳಗೇ ಸೀಳಿ ಮಿಲ್ಲಿನಲ್ಲಿ ನುಚ್ಚಾಗುತ್ತದೆ. ಶೇಕಡಾ 22 ತೇವದ 100 ಕೆಜಿ ಭತ್ತ 14ಕ್ಕೆ ಇಳಿದಾಗ 91 ಕೆಜಿ ಉಳಿಯುತ್ತದೆ. ಗದ್ದೆಯಲ್ಲೇ ಹಸಿ ಭತ್ತ ಮಾರುವವರು ದರ ಮಾತಾಡುವಾಗ ಈ ಒಂಬತ್ತು ಕೆಜಿಯನ್ನು ಹಿಡಿದುಕೊಂಡೇ ಮಾತಾಡಬೇಕು.