ಚರಟ ಇಳಿಯೋ ತನಕ

ನಿನ್ನೆ ರಾತ್ರಿ ಪೋರ್ಚುಗಲ್ಲಿನ ಪೋರ್ಟೊ ಊರಿನ ಹೊಳೆಯಾಚೆ, ಗಾಯಾದಲ್ಲಿರುವ ಗೆಳೆಯನ ಮನೆಯಲ್ಲಿ ಆರು ಜನ ಸೇರಿದ್ದೆವು. ಮೇಜಿನ ಮೇಲೆ ಮೂರು ವಿಂಟೇಜ್ ಪೋರ್ಟ್, ಅಂದರೆ ಒಂದೇ ವರ್ಷದ ದ್ರಾಕ್ಷಿಯಿಂದ ಮಾಡಿದ ಅಲ್ಲಿನ ಸಿಹಿ ವೈನ್. 1977, 1985, 1994.

ಬಾಟಲಿಗಳನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿಟ್ಟಿದ್ದ. ಈ ವೈನ್ ಮರದ ಪೀಪಾಯಿಯಲ್ಲಿ ಇರೋದು ಸುಮಾರು ಎರಡೇ ವರ್ಷ. ಆಮೇಲೆ ಸೋಸದೆ ಬಾಟಲಿಗೆ ತುಂಬುತ್ತಾರೆ, ಅಲ್ಲೇ ದಶಕಗಟ್ಟಲೆ ಮಾಗುತ್ತದೆ. ಹಾಗಾಗಿ ತಳದಲ್ಲಿ ದಪ್ಪ ಚರಟ, ಥೇಟ್ ನಮ್ಮ ಕಾಫಿ ಫಿಲ್ಟರಿನದ್ದೇ. 77ರ ಬಿರಡೆಗೆ ತಿರುಪು ಹಾಕಿದ್ದೇ ತಡ, ಪುಡಿಪುಡಿ! ಕೊನೆಗೆ ತೆಳು ಬಟ್ಟೆಯಲ್ಲಿ ಸೋಸಿದೆವು. ಬಾಟಲಿಯ ಕತ್ತಿನ ಹಿಂದೆ ಟಾರ್ಚ್ ಹಿಡಿದು, ಚರಟ ಕಂಡ ಕೂಡಲೇ 'ಸಾಕು' ಅನ್ನೋದು ನನ್ನ ಕೆಲಸ.

94 ಇನ್ನೂ ನೇರಳೆಹಣ್ಣಿನ ಬಣ್ಣ, ನಾಲಿಗೆ ಹಿಡಿಯುವ ಒಗರು. 77 ಅಂಚಿನಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ಒಣ ಅಂಜೂರ, ಜೋನಿಬೆಲ್ಲದ ಘಮ. ನುಂಗಿ ಎಷ್ಟೋ ಹೊತ್ತಾದರೂ ರುಚಿ ಬಾಯಲ್ಲೇ ಇತ್ತು. 85 ಮಾತ್ರ ಕೈಕೊಟ್ಟಿತು. ಒದ್ದೆ ರಟ್ಟಿನ ವಾಸನೆ. ಬಿರಡೆಯ ದೋಷ, ಒಳಗಿನ ವೈನಿನದ್ದಲ್ಲ. ಹದಿನೈದು ವರ್ಷ ಜೋಪಾನ ಮಾಡಿದ್ದನಂತೆ, ಪಾಪ.

ಐದೂ ಜನ 77 ಅಂದರು. ನನ್ನ ಓಟು ಸುಮ್ನೆ 94ಕ್ಕೆ ಹೋಯಿತು. ಆ ಒಗರು ಇನ್ನೆಷ್ಟು ವರ್ಷ ಇರುತ್ತೋ, ಈಗಲೇ ಸವಿಯಬೇಕು ಅಲ್ವಾ?

ನಾನು ಹುಟ್ಟಿದ್ದೂ 77ರಲ್ಲೇ. ಮನೆಗೆ ಬಂದು, 'ನನ್ನ ಒಗರೂ ಹೋಗಿದೆಯೇನೇ?' ಅಂತ ಹೆಂಡತಿಯನ್ನು ಕೇಳಿದೆ. 'ಚರಟ ಜಾಸ್ತಿಯಾಗಿದೆ' ಅಂದಳು.