ಮೂರನೇ ಬಿಂದು

ಗ್ರಾಫ್ ಹಾಳೆಯಲ್ಲಿ ಸಮೀಕರಣಕ್ಕೆ ಎರಡೇ ಬಿಂದು ಗುರುತಿಸಿ ಗೆರೆ ಎಳೆಯಲು ನಮ್ಮ ಗಣಿತ ಮೇಷ್ಟ್ರು ಯಾರನ್ನೂ ಬಿಡುತ್ತಿರಲಿಲ್ಲ. "ಸರಳರೇಖೆಗೆ ಎರಡು ಬಿಂದು ಸಾಕು ಅಲ್ವಾ ಸಾರ್?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. "ಸಾಕು ಕಣಪ್ಪ. ಲೆಕ್ಕ ತಪ್ಪಿದ್ದರೂ ಗೆರೆ ಬಂದೇ ಬರುತ್ತೆ. ತೊಂದರೆ ಇರೋದೇ ಅಲ್ಲಿ" ಎಂದರು.

ಆಮೇಲೆ ಬೋರ್ಡಿನ ಮೇಲೆ ತೋರಿಸಿದರು. ಸಮೀಕರಣ ವೈ = 2ಎಕ್ಸ್ − 1. ಎಕ್ಸ್‌ಗೆ 0 ಕೊಟ್ಟರೆ ವೈ −1, 2 ಕೊಟ್ಟರೆ 3, 4 ಕೊಟ್ಟರೆ 7. ಈಗ ಮೊದಲನೆಯದರಲ್ಲಿ ಮೈನಸ್ ಮರೆತು 1 ಎಂದು ಬರೆದೆವು ಅಂದುಕೊಳ್ಳಿ. ಮೊದಲ ಎರಡು ಬಿಂದು ಸೇರಿಸಿದರೆ ನೋಡಲು ಚೆಂದದ ಗೆರೆಯೇ ಬರುತ್ತದೆ, ಯಾವ ಅನುಮಾನವೂ ಬರುವುದಿಲ್ಲ. ಆ ಗೆರೆಯನ್ನು ಮುಂದೆ ಎಳೆದರೆ ಎಕ್ಸ್ 4 ಇರುವಲ್ಲಿ ಅದು 5ಕ್ಕೆ ಬಂದು ನಿಲ್ಲುತ್ತದೆ. ಮೂರನೇ ಬಿಂದು ಮಾತ್ರ ಎರಡು ಮನೆ ಮೇಲೆ, 7ರಲ್ಲಿ, ಒಂಟಿಯಾಗಿ ಉಳಿಯುತ್ತದೆ. ಎಲ್ಲೋ ತಪ್ಪಿದೆ ಅಂತ ಹೇಳಲು ಮೇಷ್ಟ್ರೇ ಬೇಕಿಲ್ಲ, ಹಾಳೆಯೇ ಹೇಳುತ್ತದೆ. ನನಗೆ ಗಣಿತದ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲಿಯೇ.

ಸಮೀಕರಣವನ್ನು ಹೀಗೆ ಗೆರೆಯಾಗಿ ನೋಡುವ ವಿದ್ಯೆಯನ್ನು ಫ್ರಾನ್ಸಿನ ಗಣಿತಜ್ಞ ರೆನೆ ಡೆಕಾರ್ಟೆ 1637ರಲ್ಲಿ ಪ್ರಕಟಿಸಿದ. ಸುಮಾರು ಅದೇ ಕಾಲಕ್ಕೆ ಇನ್ನೊಬ್ಬ ಗಣಿತಜ್ಞ ಪಿಯರ್ ಫರ್ಮಾ ತನ್ನದೇ ದಾರಿಯಲ್ಲಿ ಅದನ್ನು ಕಂಡುಕೊಂಡಿದ್ದ. ಗೆರೆಯ ಮೇಲಿನ ಪ್ರತಿ ಬಿಂದುವೂ ಸಮೀಕರಣಕ್ಕೆ ಹೊಂದಬೇಕು, ಹೊಂದುವ ಪ್ರತಿ ಬಿಂದುವೂ ಗೆರೆಯ ಮೇಲೇ ಇರಬೇಕು. ಮೂರನೇ ಬಿಂದುವಿನ ಬಲ ಇರುವುದು ಇದರಲ್ಲೇ.

ಬಿಂದುಗಳು ದೂರ ದೂರ ಇರಬೇಕು ಅನ್ನುವುದು ಮೇಷ್ಟ್ರ ಇನ್ನೊಂದು ಹಟ. ಎರಡು ಬಿಂದುಗಳ ನಡುವೆ 1 ಸೆಂಟಿಮೀಟರ್ ಮಾತ್ರ ಇದ್ದು, ಒಂದು ಅರ್ಧ ಮಿಲಿಮೀಟರ್ ಜರುಗಿದರೂ, 10 ಸೆಂಟಿಮೀಟರ್ ಆಚೆ ಗೆರೆ 5 ಮಿಲಿಮೀಟರ್ ತಪ್ಪಿರುತ್ತದೆ. ಮೊಂಡು ಪೆನ್ಸಿಲ್‌ಗೆ ಅರ್ಧ ಮಿಲಿಮೀಟರ್ ಯಾವ ಲೆಕ್ಕ!

ಭಿನ್ನರಾಶಿ ಬಂದರೆ ನಾವೆಲ್ಲ ಹೆದರುತ್ತಿದ್ದೆವು. ವೈ = (2/3)ಎಕ್ಸ್ − 1 ಇದ್ದರೆ ಎಕ್ಸ್‌ಗೆ ಸುಮ್ನೆ 1, 2 ಅಂತ ಕೊಡಬೇಡಿ, ಛೇದ ನೋಡಿ −3, 0, 3 ಕೊಡಿ ಎನ್ನುತ್ತಿದ್ದರು. ವೈ −3, −1, 1 ಆಗಿ ಪೂರ್ಣಾಂಕವೇ ಸಿಗುತ್ತದೆ. ಇಳಿಜಾರನ್ನೂ, ಅಂದರೆ ಬಲಕ್ಕೆ ಹೋದಷ್ಟಕ್ಕೆ ಗೆರೆ ಎಷ್ಟು ಮೇಲೇರುತ್ತದೆ ಅನ್ನುವುದನ್ನೂ, ಹಾಗೇ ಕಲಿಸಿದರು. ಪೆನ್ಸಿಲ್ ಮೊನೆಯನ್ನು ವೈ ಅಕ್ಷದ −1ರ ಮೇಲಿಟ್ಟು, ಮೂರು ಮನೆ ಬಲಕ್ಕೆ, ಎರಡು ಮನೆ ಮೇಲಕ್ಕೆ, ಚುಕ್ಕಿ. ಮತ್ತೆ ಮೂರು ಬಲಕ್ಕೆ, ಎರಡು ಮೇಲಕ್ಕೆ.

2ಎಕ್ಸ್ + 3ವೈ = 12 ಥರದ ಸಮೀಕರಣಕ್ಕೆ ಬೆರಳೇ ಸಾಕಿತ್ತು. 2ಎಕ್ಸ್ ಅನ್ನು ಬೆರಳಿಂದ ಮುಚ್ಚಿದರೆ, ಅಂದರೆ ಎಕ್ಸ್ ಸೊನ್ನೆ ಅಂದುಕೊಂಡರೆ, ಉಳಿಯುವುದು 3ವೈ = 12, ವೈ 4. 3ವೈ ಮುಚ್ಚಿದರೆ ಎಕ್ಸ್ 6. ಎರಡೂ ಅಕ್ಷಗಳ ಮೇಲೆ ಒಂದೊಂದು ಬಿಂದು ಸಿಕ್ಕಿತು. ಆದರೂ ಮೂರನೆಯದು ಬೇಕೇ ಬೇಕು: ಎಕ್ಸ್ 3, ವೈ 2.

ಎಕ್ಸ್ = 3 ಬರೆದ ದಿನ ತರಗತಿ ಗೊಂದಲಕ್ಕೆ ಬಿತ್ತು. ಇದರಲ್ಲಿ ವೈ ಎಲ್ಲಿದೆ ಸಾರ್? "ವೈ ಏನು ಬೇಕಾದರೂ ಇರಲಿ, ಎಕ್ಸ್ ಮಾತ್ರ ಮೂರೇ." ನೆಟ್ಟಗೆ ನಿಂತ ಗೆರೆ ಎಳೆದೆವು. ಇಳಿಜಾರು ಎಷ್ಟು ಎಂದರು. ಯಾರೂ ಉತ್ತರ ಹೇಳಲಿಲ್ಲ.

"ಮೇಲಕ್ಕೆ ಎರಡು ಮನೆ ಹೋದಿರಿ, ಬಲಕ್ಕೆ ಎಷ್ಟು?"

"ಸೊನ್ನೆ ಸಾರ್."

"ಹಾಗಾದರೆ ಎರಡನ್ನ ಸೊನ್ನೆಯಿಂದ ಭಾಗಿಸಿ ನೋಡೋಣ."

"ಆಗಲ್ಲ ಸಾರ್!"

"ಅದಕ್ಕೇ ಈ ಗೆರೆಗೆ ಇಳಿಜಾರಿನ ಬೆಲೆ ಇಲ್ಲ. ಬರ್ಕೊಳ್ಳಿ."